ಹೋಗು, ಹೋಗೋಣ, ಹೋಗಿ: ಫ್ರೆಂಚ್ ಭಾಷೆಯಲ್ಲಿ ವಿಧ್ಯರ್ಥ



ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಮದುವೆಯ ಕರೆಯೋಲೆಗಳ ಕೆಳತುದಿಯಲ್ಲಿ ಆರ್.ಎಸ್.ವಿ.ಪಿ. ಎಂಬ ನಾಲ್ಕು ಅಕ್ಷರಗಳನ್ನು ನೀವು ನೋಡಿರಬಹುದು. ಅವು ಇಂಗ್ಲಿಷ್ ಅಕ್ಷರಗಳಾಗಿ ಕಂಡರೂ ನಿಂತಿರುವುದು ಒಂದು ಫ್ರೆಂಚ್ ವಾಕ್ಯಕ್ಕಾಗಿ: ‘ರೆಪೋಂದೇ ಸಿಲ್ ವೂ ಪ್ಲೇ’. ‘ಉತ್ತರಿಸಿ, ನಿಮಗೆ ಇಷ್ಟವಾದರೆ’ ಎಂಬುದು ಅದರ ಪದಶಃ ಅರ್ಥ. ಇದರ ಮೊದಲ ಪದವೇ ಇಂದಿನ ನಮ್ಮ ವಿಷಯ. ಅದು ವಿಧ್ಯರ್ಥದ ಕ್ರಿಯಾಪದ. ಭೇಟಿಗೆ ಗೊತ್ತುಪಡಿಸಿದ ಸ್ಥಳ ಎಂಬ ಅರ್ಥದಲ್ಲಿ ನಾವು ಬಳಸುವ ‘ರಾಂದೇವೂ’ ಕೂಡ ಮೂಲದಲ್ಲಿ ಒಂದು ಆಜ್ಞೆಯೇ: ‘ಹಾಜರಾಗಿ’ ಎಂದು.

ಉಚ್ಚಾರಣೆ ಕಿವಿಯಿಂದ ಬರಬೇಕಾದದ್ದು. ಆದ್ದರಿಂದ ಇಲ್ಲಿ ಫ್ರೆಂಚ್ ಪದಗಳನ್ನು ಕೇಳುವಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಾಗುಣಿತವನ್ನು ನಿಮ್ಮ ಪಠ್ಯಪುಸ್ತಕದೊಡನೆ ತಾಳೆ ನೋಡಿಕೊಳ್ಳಿ.

ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ ನಿಮಗೆ ಪರಿಚಿತ. ಹೋಗು, ಹೋಗಿ, ಹೋಗೋಣ, ಹೋಗಲಿ. ಅಪ್ಪಣೆ, ಕೋರಿಕೆ, ಸಲಹೆ, ಹಾರೈಕೆ ಎಲ್ಲವೂ ಇದರಲ್ಲಿ ಸೇರುತ್ತವೆ. ಫ್ರೆಂಚಿನಲ್ಲಿ ಇರುವುದು ಮೂರೇ ರೂಪ: ‘ತ್ಯೂ’ ಎಂದರೆ ನೀನು, ‘ನೂ’ ಎಂದರೆ ನಾವು, ‘ವೂ’ ಎಂದರೆ ನೀವು. ಆಜ್ಞೆ ಮಾಡುವಾಗ ಈ ಸರ್ವನಾಮಗಳನ್ನು ಬಿಟ್ಟುಬಿಡಬೇಕು. ‘ನೀನು ಹೋಗು’ ಎನ್ನದೆ ಬರಿದೆ ‘ಹೋಗು’ ಎನ್ನುವ ನಮಗೆ ಇದರಲ್ಲಿ ಹೊಸತೇನೂ ಇಲ್ಲ.

ರೂಪಗಳನ್ನು ಹೊಸದಾಗಿ ಬಾಯಿಪಾಠ ಮಾಡಬೇಕಾಗಿಲ್ಲ. ವರ್ತಮಾನ ಕಾಲದಿಂದಲೇ ಎತ್ತಿಕೊಳ್ಳಬಹುದು. ‘ಫಿನೀರ್’, ಅಂದರೆ ಮುಗಿಸುವುದು, ಈ ಕ್ರಿಯಾಪದದಿಂದ ಫಿನಿ, ಫಿನಿಸೋಂ, ಫಿನಿಸೇ: ಮುಗಿಸು, ಮುಗಿಸೋಣ, ಮುಗಿಸಿ. ‘ಅತಾಂದ್ರ್’, ಅಂದರೆ ಕಾಯುವುದು, ಇದರಿಂದ ಅತಾಂ, ಅತಾಂದೋಂ, ಅತಾಂದೇ. ಹೇಳುವುದು, ಮಾಡುವುದು ಎಂಬ ಎರಡು ಕ್ರಿಯಾಪದಗಳ ‘ವೂ’ ರೂಪಗಳು ವರ್ತಮಾನ ಕಾಲದಲ್ಲೇ ವಕ್ರ: ದೀತ್, ಫೆತ್. ವಿಧ್ಯರ್ಥದಲ್ಲೂ ಅವು ಹಾಗೆಯೇ ಬರುತ್ತವೆ.

ತೊಡಕು ಇರುವುದು ಒಂದೇ ಒಂದು ಅಕ್ಷರದಲ್ಲಿ. ಫ್ರೆಂಚಿನ ಬಹುಪಾಲು ಕ್ರಿಯಾಪದಗಳು ಇ-ಆರ್ ಅಕ್ಷರಗಳಿಂದ ಕೊನೆಗೊಳ್ಳುತ್ತವೆ. ‘ಪಾರ್ಲೇ’, ಅಂದರೆ ಮಾತನಾಡುವುದು, ಅಂಥದೊಂದು. ‘ನೀನು ಮಾತನಾಡುತ್ತೀಯೆ’ ಎನ್ನುವಾಗ ಬರಹದ ಕೊನೆಯಲ್ಲಿ ಎಸ್ ಇರುತ್ತದೆ. ‘ಮಾತನಾಡು’ ಎಂಬ ಆಜ್ಞೆಯಲ್ಲಿ ಆ ಎಸ್ ಬಿದ್ದುಹೋಗುತ್ತದೆ. ಎರಡನ್ನೂ ಓದುವುದು ‘ಪಾರ್ಲ್’ ಎಂದೇ. ಕಿವಿಗೆ ವ್ಯತ್ಯಾಸವೇ ತಿಳಿಯದ ಕಾರಣ ಉಕ್ತಲೇಖನದಲ್ಲಿ ನಮ್ಮ ವಿದ್ಯಾರ್ಥಿಗಳಷ್ಟೇ ಅಲ್ಲ, ಫ್ರೆಂಚ್ ಮಕ್ಕಳೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ನಿಯಮವನ್ನು ಹೀಗೆ ಇಟ್ಟುಕೊಂಡರೆ ಸುಲಭ: ‘ತ್ಯೂ’ ರೂಪ ಇ-ಎಸ್ ಎಂದು ಮುಗಿದರೆ ಎಸ್ ತೆಗೆಯಿರಿ, ಇಲ್ಲದಿದ್ದರೆ ಇರಲಿ ಬಿಡಿ. ‘ಊವ್ರೀರ್’ (ತೆರೆಯುವುದು) ಇ-ಆರ್ ಗುಂಪಿಗೆ ಸೇರದಿದ್ದರೂ ಅದರ ‘ತ್ಯೂ’ ರೂಪ ಇ-ಎಸ್‌ನಿಂದ ಮುಗಿಯುವುದರಿಂದ ಅಲ್ಲಿಯೂ ಎಸ್ ಹೋಗುತ್ತದೆ. ಹೋಗುವುದು ಎಂಬ ಅರ್ಥದ ‘ಅಲೇ’ ಮಾತ್ರ ಪ್ರತ್ಯೇಕ: ವಾ, ಅಲೋಂ, ಅಲೇ. ಈ ‘ವಾ’ದಲ್ಲಿಯೂ ಎಸ್ ಇಲ್ಲ. ರೂಜೆ ದ ಲೀಲ್ 1792ರಲ್ಲಿ ಸ್ತ್ರಾಸ್‌ಬೂರ್ ನಗರದಲ್ಲಿ ರಚಿಸಿದ, ಇಂದು ಫ್ರಾನ್ಸಿನ ರಾಷ್ಟ್ರಗೀತೆಯಾಗಿರುವ ‘ಲಾ ಮಾರ್ಸೆಯೇಜ಼್’ ಶುರುವಾಗುವುದು ‘ಅಲೋಂ’ ಎಂಬ ಪದದಿಂದಲೇ.

ಬಿದ್ದುಹೋದ ಎಸ್ ಕೆಲವೊಮ್ಮೆ ಮರಳಿ ಬರುತ್ತದೆ ಎಂಬುದು ಇನ್ನೂ ಸ್ವಾರಸ್ಯ. ‘ಅಲ್ಲಿಗೆ’ ಎಂಬರ್ಥದ ‘ಇ’, ‘ಅದರ ಬಗ್ಗೆ’ ಎಂಬರ್ಥದ ‘ಆಂ’ ಎಂಬ ಪುಟ್ಟ ಸರ್ವನಾಮಗಳು ಹಿಂದೆಯೇ ಅಂಟಿ ಬಂದಾಗ ಸ್ವರಕ್ಕೆ ಸ್ವರ ತಾಗುತ್ತದೆ. ಆಗ ನಡುವೆ ಎಸ್ ನಿಂತು ಜ಼ೀಬ್ರಾ ಪದದ ಮೊದಲ ಧ್ವನಿಯನ್ನು ಕೊಡುತ್ತದೆ: ‘ವಾ-ಜ಼ಿ’ (ಅಲ್ಲಿಗೆ ಹೋಗು), ‘ಪಾರ್ಲ್-ಜ಼ಾಂ’ (ಅದರ ಬಗ್ಗೆ ಮಾತನಾಡು). ಮನೆ ಮತ್ತು ಅಲ್ಲಿ ಸೇರಿದಾಗ ‘ಮನೆಯಲ್ಲಿ’ ಎಂದು ನಡುವೆ ಯಕಾರ ಬರುವ ನಮ್ಮ ಆಗಮ ಸಂಧಿಯನ್ನು ನೆನೆಸಿಕೊಳ್ಳಿ. ಎರಡು ಸ್ವರಗಳ ತಿಕ್ಕಾಟ ಇಬ್ಬರಿಗೂ ಹಿಡಿಸುವುದಿಲ್ಲ.

ವರ್ತಮಾನ ಕಾಲದ ಮಾತು ಕೇಳದ ಕ್ರಿಯಾಪದಗಳು ನಾಲ್ಕೇ: ಇರುವುದು, ಹೊಂದಿರುವುದು, ತಿಳಿದಿರುವುದು, ಬಯಸುವುದು. ಇವು ತಮ್ಮ ರೂಪವನ್ನು ಸಂಭಾವನೆ ಸೂಚಿಸುವ ಬೇರೊಂದು ರೂಪಾವಳಿಯಿಂದ ಎರವಲು ತರುತ್ತವೆ. ಇರುವುದಕ್ಕೆ ಸ್ವಾ, ಸ್ವಾಯೋಂ, ಸ್ವಾಯೇ. ಹೊಂದಿರುವುದಕ್ಕೆ ಎ, ಎಯೋಂ, ಎಯೇ. ತಿಳಿದಿರುವುದಕ್ಕೆ ಸಾಶ್, ಸಾಶೋಂ, ಸಾಶೇ. 1968ರ ಮೇ ತಿಂಗಳ ವಿದ್ಯಾರ್ಥಿ ಚಳವಳಿಯ ಕಾಲದ ಒಂದು ಘೋಷಣೆ ಇಂದಿಗೂ ಹೆಸರಾಗಿದೆ: ‘ಸ್ವಾಯೇ ರೇಆಲಿಸ್ತ್, ದಮಾಂದೇ ಲಾಂಪೊಸೀಬ್ಲ್’. ‘ವಾಸ್ತವವಾದಿಗಳಾಗಿರಿ, ಅಸಾಧ್ಯವಾದುದನ್ನು ಕೇಳಿ’ ಎಂದರ್ಥ. ಮೊದಲ ಕ್ರಿಯಾಪದ ವಕ್ರ, ಎರಡನೆಯದು ಸಕ್ರಮ. ಒಂದೇ ಘೋಷಣೆಯಲ್ಲಿ ಎರಡೂ ಪಾಠ ಇವೆ! ನಾಲ್ಕನೆಯದರಲ್ಲಿ ‘ವೆಯೇ’ ಎಂಬ ಒಂದು ರೂಪ ಬಂದರೆ ಸಾಕು. ‘ವೆಯೇ ಪಸ್ಯಾಂತೇ’, ‘ದಯವಿಟ್ಟು ಕಾಯಿರಿ’ ಎಂದು ದೂರವಾಣಿಯ ಯಂತ್ರ ಹೇಳುವುದು ಈ ರೂಪದಿಂದಲೇ.

ಇನ್ನು ಸರ್ವನಾಮಗಳ ಸ್ಥಾನ. ಮಾಡು ಎನ್ನುವಾಗ ಸರ್ವನಾಮ ಕ್ರಿಯಾಪದದ ಹಿಂದೆ ಬಂದು ಅಡ್ಡಗೆರೆಯಿಂದ ಕೂಡಿಕೊಳ್ಳುತ್ತದೆ. ಬೇಡ ಎನ್ನುವಾಗ ಮುಂದಕ್ಕೆ ಹೋಗುತ್ತದೆ. ‘ದೊನ್-ಲ-ಮ್ವಾ’: ಅದನ್ನು ನನಗೆ ಕೊಡು. ‘ನ ಮ ಲ ದೊನ್ ಪಾ’: ಅದನ್ನು ನನಗೆ ಕೊಡಬೇಡ. ಕೊನೆಯಲ್ಲಿ ನಿಂತು ಒತ್ತು ಹೊತ್ತಾಗ ‘ಮ’ ಹೋಗಿ ‘ಮ್ವಾ’ ಆಗುವುದನ್ನು ಗಮನಿಸಿ. ‘ಲೇವ್-ತ್ವಾ’ ಎಂದರೆ ಏಳು. ‘ನ ತ ಲೇವ್ ಪಾ’ ಎಂದರೆ ಏಳಬೇಡ. 2010ರಲ್ಲಿ ಸ್ತೇಫಾನ್ ಎಸೆಲ್ ತಮ್ಮ 93ನೆಯ ವಯಸ್ಸಿನಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕದ ಹೆಸರು ‘ಆಂದಿನ್ಯೇ-ವೂ’. ಅನ್ಯಾಯ ಕಂಡು ಸಿಡಿದೇಳಿ ಎಂಬ ಕರೆ ಅದು. ಇಡೀ ಶೀರ್ಷಿಕೆ ಈ ನಿಯಮಕ್ಕೆ ಉದಾಹರಣೆ.

ವಿಮಾನ ಅಪಾಯಕ್ಕೆ ಸಿಕ್ಕಾಗ ಚಾಲಕ ರೇಡಿಯೋದಲ್ಲಿ ಮೂರು ಸಲ ಕೂಗುವ ‘ಮೇಡೇ’ ಪದವನ್ನೂ ಇಲ್ಲಿಯೇ ನೋಡಬಹುದು. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದರು. ಅಲ್ಲಿನ ವಿಮಾನಗಳಲ್ಲಿ ಹೆಚ್ಚಿನವು ಪ್ಯಾರಿಸ್ಸಿನ ಲ ಬೂರ್ಜೆಗೆ ಹೋಗಿಬರುತ್ತಿದ್ದವು. ಧ್ವನಿಯಲ್ಲಿ ಎಸ್ ಅಕ್ಷರ ಸ್ಪಷ್ಟವಾಗಿ ಕೇಳದ ಕಾರಣ ಎಸ್.ಓ.ಎಸ್. ಎಂಬ ತಂತಿ ಸಂಕೇತ ಮಾತಿಗೆ ಒಗ್ಗುತ್ತಿರಲಿಲ್ಲ. 1927ರಲ್ಲಿ ‘ಮೇಡೇ’ಗೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಇದು ‘ನನಗೆ ಸಹಾಯ ಮಾಡಿ’ ಎಂಬ ಆಜ್ಞೆ ಎಂದು ಹಲವು ಕಡೆ ಬರೆದಿರುತ್ತಾರೆ. ಮೇಲಿನ ನಿಯಮವನ್ನು ಹಚ್ಚಿ ನೋಡಿ: ಆಜ್ಞೆಯಾದರೆ ‘ನನಗೆ’ ಎಂಬುದು ಹಿಂದೆ ಬಂದು ‘ಎದೇ-ಮ್ವಾ’ ಆಗಬೇಕಿತ್ತು. ‘ಮೇದೇ’ಯಲ್ಲಿ ಅದು ಮುಂದಿದೆ. ಹಾಗಾಗಿ ಅದು ಆಜ್ಞೆಯಲ್ಲ, ‘ವನೇ ಮೇದೇ’ (ನನಗೆ ಸಹಾಯ ಮಾಡಲು ಬನ್ನಿ) ಎಂಬ ವಾಕ್ಯದ ಉತ್ತರಾರ್ಧ. ನಿಜವಾದ ವಿಧ್ಯರ್ಥ ‘ವನೇ’, ಅದೇ ಕೈಬಿಟ್ಟುಹೋಗಿದೆ.

ವ್ಯಾಕರಣ ಸರಿಯಿದ್ದೂ ಎಡವುವ ಜಾಗ ಒಂದಿದೆ. ಕನ್ನಡದಲ್ಲಿ ‘ಕಾಫಿ ಕೊಡಿ’ ಎಂದರೆ ಮರ್ಯಾದೆ ಆ ‘ಕೊಡಿ’ಯಲ್ಲೇ ಸೇರಿಹೋಗಿರುತ್ತದೆ, ‘ದಯವಿಟ್ಟು’ ಎಂದು ಹೋಟೆಲಿನಲ್ಲಿ ಯಾರೂ ಹೇಳುವುದಿಲ್ಲ. ಫ್ರಾನ್ಸಿನಲ್ಲಿ ‘ವೂ’ ರೂಪವೊಂದೇ ಸಾಲದು. ‘ಸಿಲ್ ವೂ ಪ್ಲೇ’ ಸೇರಿಸದಿದ್ದರೆ ಒರಟಾಗಿ ಕೇಳುತ್ತದೆ. ಗೆಳೆಯನಾದರೆ ‘ಸಿಲ್ ತ ಪ್ಲೇ’. ಯಾರನ್ನು ‘ತ್ಯೂ’ ಎನ್ನಬೇಕು ಎಂಬುದರ ಲೆಕ್ಕವೂ ಬೇರೆ. ನಮ್ಮಲ್ಲಿ ಅಜ್ಜನನ್ನು ‘ಕೂತ್ಕೊಳ್ಳಿ’ ಎನ್ನುವ ಮನೆಗಳು ಎಷ್ಟೋ. ಅಲ್ಲಿನ ಮೊಮ್ಮಗ ಸಲಿಗೆಯಿಂದ ‘ಅಸ್ಯೇ-ತ್ವಾ’, ಕೂತ್ಕೋ ಎನ್ನುತ್ತಾನೆ. ಆದರೆ ಅಪರಿಚಿತ ಮಾಣಿಯನ್ನೋ ಅಂಗಡಿಯವನನ್ನೋ ನೀವು ಏಕವಚನದಲ್ಲಿ ಕರೆದರೆ ಅದು ಅವಮಾನ. ಸಂದರ್ಶನಕ್ಕೋ ಹೆಚ್ಚಿನ ಓದಿಗೋ ಹೋಗುವವರು ಹಿರಿಯರೇ ‘ತ್ಯೂ’ ಎನ್ನೋಣ ಎಂದು ಹೇಳುವವರೆಗೆ ‘ವೂ’ ಬಿಡದಿರುವುದು ಲೇಸು.

ಆಜ್ಞೆಯಲ್ಲಿ ಅಧಿಕಾರವೂ ಅಡಗಿರುತ್ತದೆ. ದೆಲ್ಫೀನ್ ಸೇರಿಗ್ ಎಂಬ ನಟಿ 1970ರ ದಶಕದ ಮಧ್ಯದಲ್ಲಿ ಇತರ ನಟಿಯರನ್ನು ಸಂದರ್ಶಿಸಿ ಒಂದು ಸಾಕ್ಷ್ಯಚಿತ್ರ ತೆಗೆದರು. ಅದರ ಹೆಸರು ‘ಸ್ವಾ ಬೆಲ್ ಎ ತೆ-ತ್ವಾ’, ಅಂದರೆ ಸುಂದರಿಯಾಗಿರು, ಬಾಯಿ ಮುಚ್ಚಿಕೊಂಡಿರು. ಎರಡೂ ಏಕವಚನ. ಚಿತ್ರರಂಗದಲ್ಲಿ ಹೆಣ್ಣನ್ನು ನಡೆಸಿಕೊಳ್ಳುವ ರೀತಿಯನ್ನು ಆ ಎರಡು ಕ್ರಿಯಾಪದಗಳೇ ಹೇಳಿಬಿಡುತ್ತವೆ. ಅಂದಹಾಗೆ, ಫ್ರೆಂಚ್ ನಿರ್ದೇಶಕರು ಚಿತ್ರೀಕರಣ ನಿಲ್ಲಿಸಲು ಹೇಳುವುದು ‘ಕೂಪೇ’ ಎಂದು. ‘ಕಟ್ ಮಾಡಿ’ ಎಂಬ ಈ ಆಜ್ಞೆ ‘ವೂ’ ರೂಪದಲ್ಲಿದೆ.

ರಸ್ತೆಯಲ್ಲಿ ‘ಸೆದೇ ಲ ಪಸಾಜ್’ (ದಾರಿ ಬಿಡಿ) ಎಂಬ ಫಲಕ ವಿಧ್ಯರ್ಥದ್ದು. ಆದರೆ ಸೂಚನೆಗಳಲ್ಲಿ, ಅಡುಗೆ ಪುಸ್ತಕಗಳಲ್ಲಿ ಕ್ರಿಯಾಪದದ ಮೂಲರೂಪವನ್ನೇ ಇಡುವುದೂ ರೂಢಿ. ಬಾಗಿಲ ಮೇಲಿನ ‘ಪೂಸೇ’, ತಳ್ಳಿ ಎಂಬುದನ್ನು ಎರಡು ಬಗೆಯಲ್ಲೂ ಬರೆದಿರುತ್ತಾರೆ. ಓದಿದರೆ ಒಂದೇ ಸದ್ದು.

‘ಹೋಗಲಿ’ ಎಂಬ ನಮ್ಮ ಪ್ರಥಮ ಪುರುಷದ ರೂಪ ಫ್ರೆಂಚಿನಲ್ಲಿ ಏನಾಯಿತು ಎಂದು ನೀವು ಕೇಳಬಹುದು. ಅದು ಅಲ್ಲಿ ವಿಧ್ಯರ್ಥವೆನಿಸುವುದಿಲ್ಲ. ವಕ್ರ ಕ್ರಿಯಾಪದಗಳು ಎರವಲು ತರುತ್ತವೆ ಎಂದೆನಲ್ಲ, ಅದೇ ರೂಪಾವಳಿಯಿಂದ ಬರುತ್ತದೆ: ‘ಕಿಲಾಂತ್ರ್’, ಅವನು ಒಳಗೆ ಬರಲಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬೇರೆ ವೇಷದಲ್ಲಿ ಸಿಗುತ್ತದೆ. ರೇಖಾಗಣಿತದ ಫ್ರೆಂಚ್ ಪಠ್ಯದಲ್ಲಿ ಸಮಸ್ಯೆಗಳು ಶುರುವಾಗುವುದು ಹಲವೊಮ್ಮೆ ‘ಸ್ವಾ’ ಎಂಬ ಪದದಿಂದ. ನೀವು ಶಾಲೆಯಲ್ಲಿ ಬರೆದಿದ್ದೀರಲ್ಲ, ‘ಎಬಿಸಿ ಒಂದು ತ್ರಿಭುಜವಾಗಿರಲಿ’ ಎಂದು. ಆ ‘ಆಗಿರಲಿ’ಯೇ ಇದು.