ನಾಲ್ಕು ಸ್ವರ ಸಿಕ್ಕಿದ ಮೇಲೆ

ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂದ ಹೊಸತರಲ್ಲಿ ಬಹಳ ಮಂದಿ ನುಡಿಸಲು ನೋಡುವುದು ಒಂದೇ ತುಣುಕು: ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಆರಂಭ. ಹಾಡಿನಲ್ಲಿ ಮತ್ತೆ ಮತ್ತೆ ಮರಳುವ ಇಂಥ ತುಣುಕನ್ನು ರಾಕ್ ಸಂಗೀತದಲ್ಲಿ ರಿಫ್ ಎನ್ನುತ್ತಾರೆ. ನಮ್ಮ ಸಂಗೀತದ ಲೆಕ್ಕದಲ್ಲಿ ಇದರ ರಾಗದೆಳೆಗೆ ಬೇಕಾದದ್ದು ಷಡ್ಜ, ಸಾಧಾರಣ ಗಾಂಧಾರ ಮತ್ತು ಎರಡೂ ಮಧ್ಯಮಗಳು, ಅಷ್ಟೇ. ಬೆರಳಿಡುವ ಜಾಗ ಹತ್ತು ನಿಮಿಷದಲ್ಲಿ ಸಿಕ್ಕಿಬಿಡುತ್ತದೆ. ಅದಕ್ಕೇ ಇದನ್ನು ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ರಿಫ್‌ನ ನಿಜವಾದ ಕಲಿಕೆ ಶುರುವಾಗುವುದೇ ಸ್ವರಗಳು ಸಿಕ್ಕಿದ ಮೇಲೆ ಎಂಬುದು ನನ್ನ ವಾದ. ಅದಕ್ಕೆ ಈ ಹಾಡೇ ಸಾಕ್ಷಿ.

1971ರ ಡಿಸೆಂಬರ್‌ನಲ್ಲಿ ತಂಡ ಆಲ್ಬಂ ಮುದ್ರಿಸಲೆಂದು ಸ್ವಿಟ್ಜರ್ಲೆಂಡಿನ ಮೊಂಟ್ರೋಗೆ ಹೋಗಿತ್ತು. ಅಲ್ಲಿನ ಕ್ಯಾಸಿನೋ, ಫ್ರಾಂಕ್ ಜಪ್ಪಾ ಅವರ ಕಾರ್ಯಕ್ರಮದ ನಡುವೆ ಹೊತ್ತಿ ಉರಿಯಿತು. ಜಿನೀವಾ ಸರೋವರದ ಮೇಲೆ ಹಬ್ಬಿದ ಹೊಗೆಯೇ ಹಾಡಿನ ಹೆಸರಾಯಿತು. ರಿಫ್ ನುಡಿಸಿದ ರಿಚಿ ಬ್ಲ್ಯಾಕ್‌ಮೋರ್ ನಡುವಿನ ಎರಡು ತಂತಿಗಳನ್ನು ಒಟ್ಟಿಗೆ, ಪಿಕ್ ಇಲ್ಲದೆ ಬೆರಳಿನಿಂದಲೇ ಮೀಟಿದರು. ಪಿಕ್ ಎಷ್ಟು ಚುರುಕಾಗಿದ್ದರೂ ಒಂದು ತಂತಿಯನ್ನು ದಾಟಿಯೇ ಇನ್ನೊಂದನ್ನು ಮುಟ್ಟಬೇಕು. ಬೆರಳುಗಳಿಗೆ ಆ ತಡವಿಲ್ಲ. ಎರಡು ತಂತಿಗಳ ಕಂಪನಗಳು 4:3 ಪ್ರಮಾಣದಲ್ಲಿರುತ್ತವೆ. ಸದ್ದು ಒಡೆಯುವಷ್ಟು ಆಂಪ್ ಏರಿಸಿದಾಗ ಆ ಎರಡರ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. ಇಲ್ಲಿ ಅದು 1; ಎಂದರೆ ಮೇಲಿನ ಸ್ವರವೇ ಎರಡು ಸ್ಥಾಯಿ ಕೆಳಗೆ ಬಂದಂತೆ. ರಿಫ್‌ನ ದಪ್ಪ ದನಿಗೆ ಇದೂ ಒಂದು ಕಾರಣ. ಅದೇ ಆಂಪ್‌ನಲ್ಲಿ ಆರೂ ತಂತಿಗಳ ಪೂರ್ತಿ ಕಾರ್ಡ್ ಮೀಟಿ ನೋಡಿ, ದನಿ ಕಲಸಿಹೋಗುತ್ತದೆ. ಇನ್ನು ಕಾಲಿನಲ್ಲಿ ತಾಳ ಹಾಕುತ್ತಾ ನುಡಿಸಿದರೆ ಮೊದಲ ಮೂರು ಸ್ವರಗಳು ಪೆಟ್ಟಿನ ಮೇಲೆ ಬೀಳುತ್ತವೆ. ಮುಂದಿನ ಗುಂಪು ಅರ್ಧ ಪೆಟ್ಟು ಮೊದಲೇ ಎದ್ದು, ಪೆಟ್ಟುಗಳ ಸಂದಿಯಲ್ಲೇ ನಡೆದು, ಕೊನೆಯ ಸ್ವರದಲ್ಲಿ ಮಾತ್ರ ಪೆಟ್ಟಿಗೆ ಸೇರಿಕೊಳ್ಳುತ್ತದೆ. ಹೊಸಬರ ಕಾಲು ಎಡವುವುದು ಇಲ್ಲಿ.

ಮೌನವನ್ನೂ ನುಡಿಸಬೇಕಾಗುತ್ತದೆ. ಎಸಿ/ಡಿಸಿ ತಂಡದ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ರಿಫ್‌ನ ಬಿಗಿ ಇರುವುದು ಕಾರ್ಡುಗಳ ನಡುವಿನ ಖಾಲಿ ಜಾಗದಲ್ಲಿ. ಏರಿಸಿದ ಆಂಪ್ ತಂತಿಯ ಸಣ್ಣ ಸರಸರವನ್ನೂ ಬಿಡುವುದಿಲ್ಲ, ಹಾಗಾಗಿ ಆ ಜಾಗ ಖಾಲಿಯಾಗಿ ಕೇಳಬೇಕಾದರೆ ಎರಡೂ ಕೈಗಳಿಂದ ತಂತಿಗಳನ್ನು ಅದುಮಬೇಕು.

ಮೊದಲು ಸ್ವರಶ್ರೇಣಿ, ಆಮೇಲೆ ಹಾಡು ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಧನೆಯಿಲ್ಲದೆ ಬೆರಳು ಪಳಗದು. ಆದರೆ ಬೆರಳಿಗೆ ದಾರಿ ತೋರಿಸುವ ಶ್ರೇಣಿ, ಯಾವ ದನಿಗಾಗಿ ಆ ದಾರಿ ಎಂದು ಹೇಳುವುದಿಲ್ಲ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಐಯೋಮಿ ಹದಿಹರೆಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಎರಡು ಬೆರಳುಗಳ ತುದಿ ಕಳೆದುಕೊಂಡವರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಬೇಕಾದ ದನಿ ಕಿವಿಯಲ್ಲಿತ್ತು, ಕೈ ಅದಕ್ಕೆ ಹಾದಿ ಹುಡುಕಿಕೊಂಡಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ರಿಫ್ ಕಲಿಯುವವರಿಗೆ ಐವತ್ತು ಹಾಡುಗಳ ಆರಂಭ ಬರುತ್ತದೆ, ಒಂದೂ ಹಾಡು ಪೂರ್ತಿ ಬರುವುದಿಲ್ಲ. ಇದು ನಿಜ. ಫ್ರೆಟ್ ಸಂಖ್ಯೆಗಳನ್ನಷ್ಟೇ ಬರೆದ ಟ್ಯಾಬ್ ನೋಡಿ ಕಲಿತಾಗ ಇದು ಇನ್ನೂ ಹೆಚ್ಚು, ಏಕೆಂದರೆ ಜಾಗ ತೋರಿಸುವ ಅಂಥ ಟ್ಯಾಬ್ ಕಾಲವನ್ನು ತೋರಿಸುವುದಿಲ್ಲ. ಆದರೆ ತಪ್ಪು ರಿಫ್‌ನದಲ್ಲ, ಅದನ್ನು ಹಾಡಿನಿಂದ ಕಿತ್ತು ತಂದದ್ದರದು. ಮೂಲ ಮುದ್ರಣವನ್ನು ಹಾಕಿಕೊಂಡು ಅದರ ಜೊತೆಗೇ ನುಡಿಸಬೇಕು. ‘ಸ್ಮೋಕ್ ಆನ್ ದ ವಾಟರ್’ನಲ್ಲಿ ಗಿಟಾರ್ ಮೊದಲು ಒಂಟಿಯಾಗಿರುತ್ತದೆ, ಆಮೇಲೆ ಉಳಿದ ವಾದ್ಯಗಳು ಒಂದೊಂದಾಗಿ ಸೇರುತ್ತವೆ. ಬೇಸ್ ಗಿಟಾರ್ ಷಡ್ಜವನ್ನು ಬಿಡದೆ ಕುಟ್ಟತೊಡಗಿದಾಗ, ಅದುವರೆಗೆ ಸರಿಯೆನಿಸಿದ್ದ ನಮ್ಮ ಸ್ವರ ಎಷ್ಟು ಮುಂದೆ ಓಡಿದೆ, ಎಷ್ಟು ಹಿಂದೆ ಬಿದ್ದಿದೆ ಎಂಬುದು ಅಲ್ಲಿಯೇ ಕೇಳುತ್ತದೆ.