ಮೆಂತ್ಯ ಕೆಂಪಾಗುವ ಗಳಿಗೆ

ಅಡುಗೆಯ ವಿಡಿಯೋಗಳಲ್ಲಿ ಈಗ ‘ಐದು ನಿಮಿಷ ರೋಸ್ಟ್ ಮಾಡಿ’ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಹೋಟೆಲಿನ ಗರಿಗರಿ ದೋಸೆಯೂ ರೋಸ್ಟ್, ಓವನ್ನಿನ ಕೋಳಿಯೂ ರೋಸ್ಟ್, ಕಾಫಿ ಬೀಜಕ್ಕೂ ಅದೇ. ನಮ್ಮ ಮನೆಗಳಲ್ಲಿ ಗೊಜ್ಜಿನ ಬದನೆಕಾಯಿಯನ್ನು ಸುಡುತ್ತೇವೆ, ಈರುಳ್ಳಿಯನ್ನು ಬಾಡಿಸುತ್ತೇವೆ, ಸಾರಿನಪುಡಿಯ ಸಾಮಾನನ್ನು ಹುರಿಯುತ್ತೇವೆ. ಹುರಿಯುವುದು ಎಷ್ಟು ನಾಜೂಕಿನ ಕೆಲಸವೆಂದು ತಿಳಿಯಬೇಕಾದರೆ, ಬೇಸಿಗೆಯಲ್ಲಿ ಮೈಸೂರಿನ ಅಗ್ರಹಾರದ ಕಡೆ ಯಾರ ಮನೆಯಲ್ಲಾದರೂ ವರ್ಷದ ಸಾರಿನಪುಡಿ ಮಾಡುವಾಗ ಒಲೆಯ ಪಕ್ಕ ನಿಲ್ಲಬೇಕು.

ದೇವರಾಜ ಮಾರುಕಟ್ಟೆಯಿಂದ ತಂದ ಸಾಮಾನನ್ನು ಮೊದಲು ಬಿಸಿಲಿಗೆ ಹಾಕುತ್ತಾರೆ. ಬಣ್ಣಕ್ಕೆ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಗುಂಟೂರಿನದು. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಮೈಸೂರಿನ ಸಾರಿನ ಕೆಂಪು ಅದನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು.

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯುವಂತಿಲ್ಲ. ಮೆಣಸಿನಕಾಯಿಯ ಸಿಪ್ಪೆ ತೆಳು, ಕೊತ್ತಂಬರಿ ಬೀಜ ಒಳಗೆ ಪೊಳ್ಳು, ಮೆಂತ್ಯವೋ ಕಲ್ಲಿನಷ್ಟು ಗಟ್ಟಿ. ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಸೀದಿರುತ್ತದೆ. ಕೊತ್ತಂಬರಿ ಬೀಜ ಬೆರಳಲ್ಲಿ ಹಿಸುಕಿದರೆ ಪಟ್ಟನೆ ಒಡೆಯಬೇಕು. ಜೀರಿಗೆಗೆ ಬಿಸಿ ತಾಗಿದರೆ ಸಾಕು. ಸಾಸಿವೆ ಸಿಡಿಯಬೇಕು. ಕರಿಬೇವು ಹಸಿರಾಗಿಯೇ ಗರಿಗರಿಯಾಗಬೇಕು. ಮೆಣಸಿನಕಾಯಿಗೆ ಕೆಲವರು ನಾಲ್ಕು ಹನಿ ಹರಳೆಣ್ಣೆ ಸವರುತ್ತಾರೆ. ಕಾಯಿ ಉಬ್ಬಿ ಹೊಳೆಯುತ್ತದೆ. ಇಂಗು ಮಾತ್ರ ತುಪ್ಪದಲ್ಲಿ ಅರಳಬೇಕು, ಒಣ ಬಾಣಲೆಗೆ ಅದು ಬಗ್ಗುವುದಿಲ್ಲ.

ನಿಜವಾದ ಪರೀಕ್ಷೆ ಮೆಂತ್ಯದ್ದು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಏನೂ ಆಗದಂತೆ ಕಾಣುತ್ತದೆ. ಕೈ ನಿಲ್ಲಿಸಬಾರದು. ಆಮೇಲೆ ಹಳದಿ ಬಣ್ಣ ಮಾಗುತ್ತಾ ಬಂದು, ಒಂದೆರಡು ಕಾಳು ಚಟ್ಟೆನ್ನುತ್ತವೆ, ಹಸಿ ವಾಸನೆ ಹೋಗಿ ಸಿಹಿಸಿಹಿಯಾದ ಘಮ ಏಳುತ್ತದೆ. ಅಲ್ಲಿಂದ ಕೆಂಪಿಗೆ ತಿರುಗುವುದು ಕ್ಷಣದ ಮಾತು, ಕೆಂಪಿನಿಂದ ಕಪ್ಪಿಗೆ ಹೋಗುವುದು ಇನ್ನೂ ಬೇಗ. ಕಪ್ಪಾದ ಒಂದು ಹಿಡಿ ಮೆಂತ್ಯ ಇಡೀ ಡಬ್ಬದ ಪುಡಿಯನ್ನು ಕಹಿ ಮಾಡುತ್ತದೆ. ಅದಕ್ಕೇ ಬಲ್ಲವರು ಬೇಕಾದ ಬಣ್ಣ ಬರುವುದಕ್ಕೆ ತುಸು ಮುಂಚೆಯೇ ಮೆಂತ್ಯವನ್ನು ತಟ್ಟೆಗೆ ಸುರಿದುಬಿಡುತ್ತಾರೆ. ಕಾಳಿನೊಳಗಿನ ಕಾವು ಉಳಿದ ಕೆಲಸ ಮಾಡುತ್ತದೆ. ಉರಿ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಕೆಟ್ಟಿತು.

ಕಾಳಿನ ತೇವ ಆರುವವರೆಗೆ ಬಿಸಿಯೆಲ್ಲ ನೀರನ್ನು ಓಡಿಸುವುದರಲ್ಲೇ ಕಳೆಯುತ್ತದೆ. ತೇವ ಹೋದಮೇಲೆ ಬಿಸಿ ಏರಿ, ಸುಮಾರು 140 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಳಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಕಂದುಬಣ್ಣ ಮತ್ತು ಹೊಸ ಪರಿಮಳ ಬೇಗಬೇಗ ಹುಟ್ಟತೊಡಗುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ಭವನದಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಸಂಬಾರ ಪದಾರ್ಥಗಳ ಪರಿಮಳವನ್ನು ಯಂತ್ರಗಳಿಂದ ಅಳೆಯುತ್ತಾರೆ. ಮನೆಯಲ್ಲಿ ಆ ಕೆಲಸ ಮೂಗಿನದು. ಗಡಿಯಾರ ನೋಡಿ ಹುರಿಯುವವರಿಗಿಂತ ಮೂಗು ನಂಬಿ ಹುರಿಯುವವರನ್ನೇ ನಾನು ಹೆಚ್ಚು ನಂಬುತ್ತೇನೆ. ಬಾಣಲೆಯ ದಪ್ಪ, ಉರಿ, ಕಾಳಿನ ತೇವ ಮನೆಯಿಂದ ಮನೆಗೆ ಬೇರೆಯಾದಮೇಲೆ ಐದು ನಿಮಿಷ ಎಂಬ ಲೆಕ್ಕಕ್ಕೆ ಅರ್ಥವೆಲ್ಲಿ?

ಹುರಿದದ್ದು ಪೂರ್ತಿ ಆರಿದಮೇಲೆ ಮಿಲ್ಲಿಗೆ. ಅಲ್ಲೂ ಜಾಣರು ಸ್ವಲ್ಪ ಕಾಯುತ್ತಾರೆ: ತಮಗಿಂತ ಮುಂಚೆ ಯಾರಾದರೂ ಗರಂ ಮಸಾಲೆ ಹಾಕಿಸಿದ್ದರೆ ಚಕ್ಕೆ, ಲವಂಗದ ವಾಸನೆ ಸಾರಿನಪುಡಿಗೆ ಸೇರುತ್ತದೆ. ಬೀಸಿದ ಪುಡಿ ಬಿಸಿಯಾಗಿರುತ್ತದೆ. ಮನೆಗೆ ತಂದ ಕೂಡಲೇ ಪೇಪರ್ ಮೇಲೆ ಹರಡಿ, ತಣ್ಣಗಾದಮೇಲೆ ಡಬ್ಬಕ್ಕೆ ತುಂಬಬೇಕು.