ಊರ ನೆರವಿನಲ್ಲಿ ನಡೆಯುವ ಹಾಸ್ಪಿಸ್: ಆಡಳಿತ ಮತ್ತು ಹಣಕಾಸು

ರೋಗ ಗುಣವಾಗುವ ಹಂತ ದಾಟಿದ ಮೇಲೂ ರೋಗಿಗೆ ಆರೈಕೆ ಬೇಕು. ನೋವು, ಉಬ್ಬಸ, ವಾಂತಿ, ವಾಸಿಯಾಗದ ಹುಣ್ಣು, ಸಾವಿನ ಭಯ ಇವೆಲ್ಲವನ್ನೂ ತಗ್ಗಿಸಿ, ಉಳಿದ ದಿನಗಳು ನೆಮ್ಮದಿಯಿಂದ ಕಳೆಯುವಂತೆ ಮಾಡುವುದು ಹಾಸ್ಪಿಸ್ ಸಂಸ್ಥೆಯ ಕೆಲಸ. ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೂ ಅದು ಆಸರೆಯಾಗುತ್ತದೆ. ಕೆಲವು ಸಂಸ್ಥೆಗಳಿಗೆ ಹಾಸಿಗೆಗಳಿರುವ ಕಟ್ಟಡವಿದೆ. ಇನ್ನು ಕೆಲವು ನರ್ಸ್ ಮತ್ತು ಸ್ವಯಂಸೇವಕರನ್ನು ರೋಗಿಯ ಮನೆಗೇ ಕಳಿಸುತ್ತವೆ.

ದತ್ತಿ ಸಂಸ್ಥೆಗಳಾಗಿ ನಡೆಯುವ ಹಾಸ್ಪಿಸ್‌ಗಳು ಸಾಮಾನ್ಯವಾಗಿ ರೋಗಿಯಿಂದ ಹಣ ಕೇಳುವುದಿಲ್ಲ. ಚಿಕಿತ್ಸೆಗೆಂದು ಒಡವೆ, ಜಮೀನು ಮಾರಿ ಕೈ ಬರಿದಾದ ಕುಟುಂಬಗಳೇ ಅಲ್ಲಿಗೆ ಹೆಚ್ಚಾಗಿ ಬರುತ್ತವೆ. ಖಾಸಗಿ ಆಸ್ಪತ್ರೆಗೆ ರೋಗಿ ಹೆಚ್ಚಿದರೆ ಆದಾಯ ಹೆಚ್ಚುತ್ತದೆ. ಹಾಸ್ಪಿಸ್‌ಗೆ ಖರ್ಚು ಮಾತ್ರ ಹೆಚ್ಚುತ್ತದೆ. ಇದರ ಆಡಳಿತ ಬೇರೆಯೇ ಬಗೆಯದಾಗಲು ಇದೇ ಕಾರಣ.

ಮೂರು ಮಾದರಿಗಳು

ಆಧುನಿಕ ಹಾಸ್ಪಿಸ್ ಚಳವಳಿಯ ಮೊದಲ ನೆಲೆ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್. ನರ್ಸ್ ಹಾಗೂ ಸಮಾಜಕಾರ್ಯಕರ್ತೆಯಾಗಿ ದುಡಿದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಇದನ್ನು 1967ರಲ್ಲಿ ತೆರೆದರು. 1948ರಲ್ಲಿ ತೀರಿಕೊಂಡ ಡೇವಿಡ್ ಟಾಸ್ಮಾ ಎಂಬ ರೋಗಿ ಅವರಿಗೆ ಬಿಟ್ಟುಹೋದ 500 ಪೌಂಡ್ ಇದರ ಮೊದಲ ದೇಣಿಗೆ. ಆ ಹಣದಿಂದ ಕಟ್ಟಡದವರೆಗೆ ತಲುಪಲು 19 ವರ್ಷ ಬೇಕಾಯಿತು. ಇಂದಿಗೂ ಬ್ರಿಟನ್ನಿನ ಹಾಸ್ಪಿಸ್‌ಗಳ ಖರ್ಚಿನ ಒಂದು ಪಾಲನ್ನಷ್ಟೇ ಸರ್ಕಾರ ಭರಿಸುತ್ತದೆ. ಉಳಿದದ್ದು ಹಳೆಯ ಬಟ್ಟೆ, ಪುಸ್ತಕ ಮಾರುವ ಅಂಗಡಿಗಳು, ಲಾಟರಿ, ಓಟದ ಸ್ಪರ್ಧೆಗಳು ಮತ್ತು ಜನ ಉಯಿಲಿನಲ್ಲಿ ಬರೆದಿಡುವ ಆಸ್ತಿಯಿಂದ ಬರುತ್ತದೆ.

ಎರಡನೆಯದು ಬೆಂಗಳೂರಿನ ಕರುಣಾಶ್ರಯ. ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು. ಮೊದಲು ಮನೆ ಭೇಟಿಯ ಸೇವೆ ಆರಂಭವಾಯಿತು. ಮಾರತ್‌ಹಳ್ಳಿಯ ಬಳಿಯ ಕಟ್ಟಡ ಸಿದ್ಧವಾದದ್ದು 1999ರಲ್ಲಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ದಾನಿಗಳು ಮತ್ತು ಕಂಪನಿಗಳ ನೆರವೇ ಇಂಥ ಸಂಸ್ಥೆಯ ಆಧಾರ.

ಮೂರನೆಯದು ಕೇರಳದ್ದು. ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ನೋವು ಮತ್ತು ಉಪಶಮನ ಆರೈಕೆಯ ಸಂಘ ಕಟ್ಟಿದರು. ಆಸ್ಪತ್ರೆಯವರೆಗೆ ಬರಲಾಗದ ರೋಗಿಗಳೇ ಹೆಚ್ಚು ಎಂಬುದು ಬೇಗನೆ ತಿಳಿಯಿತು. ಆದ್ದರಿಂದ 1990ರ ದಶಕದ ಕೊನೆಗೆ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನೆರೆಹೊರೆಯವರನ್ನೇ ಸೇರಿಸಿಕೊಂಡ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರನ್ನು ಗುರುತಿಸಿ, ಸುಮಾರು 16 ಗಂಟೆಗಳ ಪಾಠ ಹಾಗೂ ಮನೆ ಭೇಟಿಗಳ ಮೂಲಕ ತರಬೇತಿ ಕೊಡಲಾಯಿತು. ಅಂಗಡಿಗಳ ದೇಣಿಗೆ ಡಬ್ಬಿ, ಶಾಲಾ ಮಕ್ಕಳ ಸಂಗ್ರಹ, ಕೂಲಿಯವರ ಚಿಲ್ಲರೆ ಕಾಸು ಸೇರಿ ಖರ್ಚಿನ ದೊಡ್ಡ ಪಾಲು ಊರಲ್ಲೇ ಹುಟ್ಟಿತು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿ ಪ್ರಕಟಿಸಿ, ಪಂಚಾಯ್ತಿಗಳಿಗೂ ಹೊಣೆ ಹಂಚಿತು.

ಕಾನೂನಿನ ಚೌಕಟ್ಟು

ಭಾರತದಲ್ಲಿ ಇಂಥ ಸಂಸ್ಥೆಗೆ ಮೂರು ದಾರಿಗಳಿವೆ: ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್, ಸಂಘ, ಅಥವಾ ಕಂಪನಿ ಕಾಯ್ದೆಯ 8ನೇ ಕಲಂ ಅಡಿಯ ಲಾಭರಹಿತ ಕಂಪನಿ. ಕರ್ನಾಟಕದಲ್ಲಿ ಸಂಘಕ್ಕೆ 1960ರ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಸ್ಥಾಪಕರ ಕೈಯಲ್ಲೇ ನಿರ್ಧಾರ ಉಳಿಯಬೇಕೆಂದರೆ ಟ್ರಸ್ಟ್ ಅನುಕೂಲ. ಸದಸ್ಯರು ಮತ ಹಾಕಿ ಸಮಿತಿ ಆರಿಸಬೇಕೆಂದರೆ ಸಂಘವೇ ಸರಿ. ಹಾಸಿಗೆಗಳಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕಾಗುತ್ತದೆ.

ಹಾಸ್ಪಿಸ್‌ಗೆ ವಿಶೇಷವಾದ ಅನುಮತಿಯೊಂದಿದೆ. ತೀವ್ರ ನೋವಿಗೆ ಮಾರ್ಫಿನ್ ಅನಿವಾರ್ಯ. ಅದು ಅಫೀಮಿನಿಂದ ಬರುವ ಔಷಧವಾದ್ದರಿಂದ 1985ರ ಮಾದಕ ವಸ್ತು ಕಾಯ್ದೆಯಡಿ ಹಲವು ಪರವಾನಗಿಗಳು ಬೇಕಾಗುತ್ತಿದ್ದವು. ಎಷ್ಟೋ ಆಸ್ಪತ್ರೆಗಳು ಈ ಗೋಜೇ ಬೇಡವೆಂದು ಅದನ್ನು ಇಡುತ್ತಿರಲಿಲ್ಲ. 2014ರ ತಿದ್ದುಪಡಿ ಇದನ್ನು ಸರಳಗೊಳಿಸಿತು. ತರಬೇತಿ ಪಡೆದ ವೈದ್ಯರಿರುವ ಸಂಸ್ಥೆ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು. ಆದರೆ ಪ್ರತಿ ಮಾತ್ರೆಗೂ ದಾಸ್ತಾನು ಪುಸ್ತಕದಲ್ಲಿ ಲೆಕ್ಕವಿರಬೇಕು.

ಖರ್ಚಿನ ಸ್ವರೂಪ

ಹಾಸ್ಪಿಸ್‌ನಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯಾಗಲಿ, ದುಬಾರಿ ಯಂತ್ರಗಳಾಗಲಿ ಇರುವುದಿಲ್ಲ. ಮಾರ್ಫಿನ್ ಮಾತ್ರೆಯೂ ಅಗ್ಗ. ಹೆಚ್ಚು ಹಣ ಹೋಗುವುದು ನರ್ಸ್, ಆಯಾ, ವೈದ್ಯ, ಆಪ್ತಸಮಾಲೋಚಕರ ಸಂಬಳಕ್ಕೆ. ಮನೆ ಭೇಟಿಯಿದ್ದರೆ ವಾಹನ, ಇಂಧನಕ್ಕೆ. ಈ ಖರ್ಚು ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ದಾನಿಗಳ ಒಲವು ಮಾತ್ರ ಕಟ್ಟಡ, ಆಂಬುಲೆನ್ಸ್, ಮಂಚದಂಥ ಕಣ್ಣಿಗೆ ಕಾಣುವ, ಹೆಸರು ಬರೆಸಬಹುದಾದ ವಸ್ತುಗಳ ಕಡೆಗೆ. ಆಂಬುಲೆನ್ಸ್ ಬಂದು ಚಾಲಕನ ಸಂಬಳಕ್ಕೆ ಹಣವಿಲ್ಲದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಯಾವುದೇ ಹೊಸ ಸೌಲಭ್ಯ ಒಪ್ಪಿಕೊಳ್ಳುವ ಮುನ್ನ ಅದನ್ನು ನಡೆಸುವ ವಾರ್ಷಿಕ ಖರ್ಚು ಎಲ್ಲಿಂದ ಬರುತ್ತದೆಂದು ಆಡಳಿತ ಮಂಡಳಿ ತೀರ್ಮಾನಿಸಬೇಕು.

ಹಣದ ಮೂಲಗಳು

ಮೊದಲನೆಯದು ಊರಿನವರ ಸಣ್ಣ ದೇಣಿಗೆ. ಹಿರಿಯರ ಪುಣ್ಯತಿಥಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಒಂದು ದಿನದ ಊಟದ ಅಥವಾ ಔಷಧದ ಖರ್ಚು ಕೊಡುವ ರೂಢಿ ನಮ್ಮಲ್ಲಿದೆ. ಬ್ಯಾಂಕ್ ಖಾತೆಯಿಂದ ತಿಂಗಳಿಗೊಮ್ಮೆ ತಾನಾಗಿ ಜಮೆಯಾಗುವ ಮೊತ್ತ ಇನ್ನೂ ಉಪಯುಕ್ತ, ಏಕೆಂದರೆ ಮುಂದಿನ ತಿಂಗಳ ಆದಾಯವನ್ನು ಮೊದಲೇ ಅಂದಾಜಿಸಬಹುದು. ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯ ಮಾನ್ಯತೆಯಿದ್ದರೆ ದಾನಿಗೆ ತೆರಿಗೆ ವಿನಾಯಿತಿ ಸಿಗಬಹುದು. 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗದು.

ಎರಡನೆಯದು ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇದಕ್ಕೆ ಮೀಸಲಿಡಬೇಕು. ಮೊತ್ತ ದೊಡ್ಡದು, ಆದರೆ ಅವಧಿ ಮುಗಿದೊಡನೆ ನಿಲ್ಲಬಹುದು. ಮೂರನೆಯದು ವಿದೇಶಿ ದೇಣಿಗೆ. ಇದಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಕಡ್ಡಾಯ. ನಾಲ್ಕನೆಯದು ಶಾಶ್ವತ ನಿಧಿ: ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ಠೇವಣಿ.

ಸ್ವಯಂಸೇವಕರು ಮತ್ತು ವಿಶ್ವಾಸ

ಸ್ವಯಂಸೇವಕರು ಸಂಬಳದ ಖರ್ಚು ಉಳಿಸುತ್ತಾರೆ ಎಂಬುದು ಅರ್ಧ ಮಾತು. ಯಾವ ಮನೆಯಲ್ಲಿ ರೋಗಿಯಿದ್ದಾರೆ, ಎಲ್ಲಿ ಮಕ್ಕಳ ಶಾಲೆ ನಿಂತಿದೆ ಎಂದು ಮೊದಲು ತಿಳಿಯುವುದು ಅವರಿಗೇ. ಆದರೆ ಗಾಯಕ್ಕೆ ಡ್ರೆಸಿಂಗ್ ಮಾಡುವುದು, ಔಷಧದ ಪ್ರಮಾಣ ಬದಲಿಸುವುದು ವೃತ್ತಿ ತರಬೇತಿ ಪಡೆದವರ ಕೆಲಸ. ಆ ಗೆರೆ ಸ್ಪಷ್ಟವಾಗಿರಬೇಕು. ರೋಗಿಯ ಗುಟ್ಟು ಹೊರಗೆ ಹೋಗಬಾರದು. ದೇಣಿಗೆಗಾಗಿ ಒಪ್ಪಿಗೆಯಿಲ್ಲದೆ ಅವರ ಫೋಟೊ ಬಳಸಬಾರದು.

ದಾನಿಗಳ ವಿಶ್ವಾಸ ಲೆಕ್ಕದಿಂದ ಬರುತ್ತದೆ. ಪ್ರತಿ ದೇಣಿಗೆಗೆ ರಸೀದಿ, ಇಬ್ಬರ ಸಹಿಯ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ಎಲ್ಲರಿಗೂ ಸಿಗುವ ವಾರ್ಷಿಕ ವರದಿ ಇವು ಕನಿಷ್ಠ ಕ್ರಮಗಳು. ಆರು ತಿಂಗಳ ಖರ್ಚಿನಷ್ಟು ಆಪತ್ಕಾಲದ ನಿಧಿಯಿದ್ದರೆ ಒಬ್ಬ ದೊಡ್ಡ ದಾನಿ ಹಿಂದೆ ಸರಿದರೂ ರೋಗಿಯ ಆರೈಕೆ ನಿಲ್ಲುವುದಿಲ್ಲ. ಹೊಸದಾಗಿ ಆರಂಭಿಸುವವರು ಮನೆ ಭೇಟಿಯಿಂದ ಶುರುಮಾಡಿ, ತಿಂಗಳ ಖರ್ಚಿಗೆ ತಿಂಗಳ ದೇಣಿಗೆ ಕೂಡಿಬಂದ ಮೇಲೆ ಕಟ್ಟಡಕ್ಕೆ ಕೈಹಾಕುವುದು ಸುರಕ್ಷಿತ ದಾರಿ.